ಎರಡನೇ ಸಾಲಿನ ಸೀಟು

ಎಂಟೂವರೆಯಿಂದ ಅತ್ತಿಗೆ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು, ಅತ್ತೆ ಏಳಲಿ ಎಂದು. ಅತ್ತೆ ಕೂತಿದ್ದುದು ಸೋಫಾದ ಮೇಲಲ್ಲ, ಕುರ್ಚಿಯ ಮೇಲೂ ಅಲ್ಲ. ವ್ಯಾನಿನಿಂದ ಕಳಚಿ ತಂದು ಟೀವಿಯ ಎದುರಿಗಿಟ್ಟ ಸೀಟಿನ ಮೇಲೆ. ಎರಡು ಕೈಗೆ ಎರಡು ಆನಿಕೆ, ತಲೆಗೊಂದು ದಿಂಬು, ಪಕ್ಕದಲ್ಲಿ ಸೀಟ್ ಬೆಲ್ಟಿನ ಕೊಕ್ಕೆ. ಒಂದು ಸ್ಟೇರಿಂಗ್ ಕೊಟ್ಟರೆ ಅಮ್ಮ ಮನೆಯನ್ನೇ ಓಡಿಸಿಕೊಂಡು ಹೋಗುತ್ತಾಳೆ ಎಂದು ಅವರ ದೊಡ್ಡ ಮಗ, ಅಂದರೆ ಅತ್ತಿಗೆಯ ಗಂಡ, ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ.

ಇವತ್ತು ಆ ಸೀಟು ವ್ಯಾನಿಗೆ ವಾಪಸು ಹೋಗಬೇಕಿತ್ತು. ಅತ್ತಿಗೆಯ ಒಡಹುಟ್ಟಿದ ಅಕ್ಕನಿಗೆ ಸೊಂಟದ ಕೀಲು ಬದಲಾಯಿಸಿ ಆರು ದಿನವಾಗಿತ್ತು. ಹನ್ನೆರಡು ಗಂಟೆಗೆ ಹಾಸಿಗೆ ಖಾಲಿ ಮಾಡಬೇಕು, ಮನೆಯವರು ಬರದಿದ್ದರೆ ಊರಾಚೆಯ ಆರೈಕೆ ಕೇಂದ್ರಕ್ಕೆ ನಮ್ಮ ಗಾಡಿಯಲ್ಲೇ ಕಳಿಸಿಬಿಡುತ್ತೇವೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿ ಎಂಟು ಜನರಿಗೊಂದು ಕೋಣೆ. ಹಿಂದೆಮುಂದೆ ಯಾರೂ ಇಲ್ಲದ ಅಕ್ಕ ಆ ಮಾತು ಕೇಳಿ ಹೊದಿಕೆಯ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು. ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ, ಆರು ವಾರ ನಮ್ಮಲ್ಲೇ ಇರುತ್ತಾಳೆ ಎಂದು ಅತ್ತಿಗೆ ಅಲ್ಲೇ ನಿಂತು ಹೇಳಿಬಂದಿದ್ದಳು. ಮನೆಯಲ್ಲಿ ಕೇಳಿದ್ದು ಆಮೇಲೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವಾಕೆ ಅಕ್ಕ ಗಾಡಿಯಲ್ಲಿ ಕೂರಬೇಕಾದ ರೀತಿಯನ್ನೂ ಹೇಳಿಕೊಟ್ಟಿದ್ದಳು. ಮಂಡಿಗಿಂತ ಸೊಂಟ ಮೇಲಿರಬೇಕು. ಬಗ್ಗಿ ನುಗ್ಗುವ ಹಾಗಿರಬಾರದು. ಕಾಲು ಚಾಚಲು ಜಾಗ ಬೇಕು. ಬಾಡಿಗೆ ಕಾರುಗಳೆಲ್ಲ ತಗ್ಗು. ವ್ಯಾನಿನ ಮುಂದಿನ ಸೀಟು ಹಿಂದಕ್ಕೆ ಸರಿಯುವುದನ್ನು ಬಿಟ್ಟು ವರ್ಷವಾಗಿತ್ತು, ಹಿಂದಿನ ಸಾಲಿಗೆ ನುಸುಳಿ ಹೋಗಬೇಕು. ಉಳಿದದ್ದು ಎರಡನೇ ಸಾಲು. ಅಲ್ಲಿನ ಎರಡು ಸೀಟುಗಳಲ್ಲಿ ಒಂದು ಮೈದುನನ ಗೋದಾಮಿನಲ್ಲಿ ಹಳೆಯ ಫ್ರಿಜ್ಜುಗಳ ಕೆಳಗೆ ಸಿಕ್ಕಿತ್ತು. ಇನ್ನೊಂದರ ಮೇಲೆ ಅತ್ತೆ ಕೂತಿದ್ದರು.

ಅತ್ತಿಗೆ ಎಂಬ ಹೆಸರು ಬಂದದ್ದೇ ಆ ಮೈದುನನಿಂದ. ಇರುವವನು ಒಬ್ಬನೇ ಮೈದುನ, ಗಂಟಲು ಮಾತ್ರ ಹತ್ತು ಜನರದು. ಬೀದಿಯ ಆ ತುದಿಯಿಂದಲೇ ಅತ್ತಿಗೇ ಎಂದು ಕೂಗುತ್ತ ಬರುತ್ತಿದ್ದ. ಕೇಳಿ ಕೇಳಿ ಎದುರುಮನೆಯವರೂ ಹಾಲಿನವನೂ, ಕೊನೆಗೆ ಅವಳು ಗಾಜು ಕೂರಿಸುವ ಕನ್ನಡಕದ ಅಂಗಡಿಯ ಮಾಲೀಕನೂ ಅತ್ತಿಗೆ ಎನ್ನತೊಡಗಿದರು. ಗಂಡನೂ ಮರೆತು ಒಮ್ಮೊಮ್ಮೆ ಹಾಗೆಯೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಮೈದುನ ಕೆಟ್ಟ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರಗಳನ್ನು ತಂದು ರಿಪೇರಿ ಮಾಡಿ ಮಾರುವವನು. ವ್ಯಾನು ಅಣ್ಣತಮ್ಮಂದಿರಿಬ್ಬರದೂ. ಅವನಿಗೆ ಸಾಮಾನು ಸಾಗಿಸುವುದಿದ್ದಾಗ ಹಿಂದಿನ ದಿನ ಫೋನು ಬರುತ್ತಿತ್ತು: ಅತ್ತಿಗೆ, ಸ್ವಲ್ಪ ಜಾಗ ಮಾಡ್ತೀರಾ. ಜಾಗ ಮಾಡುವುದೆಂದರೆ ಸೀಟು ತೆಗೆಯುವುದು. ಚಳಿಗಾಲಕ್ಕೆ ಮುಂಚೆ ಹಾಗೆ ತೆಗೆದ ಒಂದು ಸೀಟು, ಅತ್ತೆ ಅದರ ಮೇಲೆ ಕೂರತೊಡಗಿದ ಮೇಲೆ ವಾಪಸು ಹೋಗಿರಲಿಲ್ಲ. ಗಂಡನ ಬೆನ್ನಿನ ಡಿಸ್ಕ್ ಜಾರಿದ ಮೇಲೆ ಅವನು ಭಾರ ಎತ್ತುವಂತಿರಲಿಲ್ಲ. ಮೈದುನ ತೆಗೆದರೆ ವ್ಯಾನಿಗೂ ಗಾಯ, ಗೋಡೆಗೂ ಗಾಯ. ಹಾಗಾಗಿ ಆರು ವರ್ಷದಿಂದ ತೆಗೆಯುವವಳೂ ಹಾಕುವವಳೂ ಅತ್ತಿಗೆಯೇ. ಸೀಟೆಂದರೆ ಅರ್ಧ ಸಿಮೆಂಟು ಮೂಟೆಯ ತೂಕ. ಮೂಟೆಯಾದರೂ ಮೈಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಎಲ್ಲೆಲ್ಲೂ ಮೂಲೆಗಳು. ಸೊಂಟ ಬಗ್ಗಿಸದೆ ಮಂಡಿ ಮಡಚಿ, ರಚ್ಚೆ ಹಿಡಿದ ಮಗುವನ್ನು ಎತ್ತಿಕೊಂಡಂತೆ ಎದೆಗವುಚಿ ಎತ್ತುವುದನ್ನು ಅವಳು ತಾನೇ ಕಲಿತುಕೊಂಡಿದ್ದಳು.

ಅತ್ತೆ ಏಳಲಿಲ್ಲ. ಮೊದಲು ನೀರು ಕೇಳಿದರು. ಆಮೇಲೆ ಕನ್ನಡಕ ಎಲ್ಲಿದೆ ಎಂದರು, ಕನ್ನಡಕ ಮೂಗಿನ ಮೇಲೇ ಇತ್ತು. ಒಂಬತ್ತೂ ಹತ್ತಕ್ಕೆ ಅತ್ತಿಗೆ ಮೆಲ್ಲಗೆ, ಹೊತ್ತಾಗುತ್ತಿದೆ ಎಂದು ನೆನಪಿಸಿದಳು.

"ನೀನು ಹೋಗಿ ವ್ಯಾನಿನ ಬಾಗಿಲು ತೆಗೆದಿಡಮ್ಮ," ಅಂದರು ಅತ್ತೆ, ಟೀವಿಯಿಂದ ಕಣ್ಣು ಕೀಳದೆ. "ನಾನು ಏಳ್ತೀನಿ. ನಿಂತ್ಕೊಂಡು ನೋಡ್ಬೇಡ."

ಅದನ್ನು ಮುನಿಸು ಎಂದೇ ಅತ್ತಿಗೆ ಎಣಿಸಿದಳು. ಅಕ್ಕ ಬರುವ ಸುದ್ದಿ ಕೇಳಿದ ದಿನದಿಂದ ಅತ್ತೆಯ ಮಾತು ಅಳೆದು ಸುರಿದಂತಿತ್ತು. ಹೊರಗೆ ಹೋಗಿ ಹ್ಯಾಂಡ್ ಬ್ರೇಕ್ ಎಳೆದಿದೆಯೇ ನೋಡಿ, ಜಾರುಬಾಗಿಲನ್ನು ಪೂರ್ತಿ ಹಿಂದಕ್ಕೆ ತಳ್ಳಿ ಬಂದಳು. ಅಷ್ಟರಲ್ಲಿ ಅತ್ತೆ ಎದ್ದು ಗೋಡೆಗೆ ಅಂಗೈ ಕೊಟ್ಟು ನಿಂತಿದ್ದರು, ಮೆಟ್ಟಿಲು ಹತ್ತಿದವರ ಹಾಗೆ ಉಸಿರು ಬಿಡುತ್ತಿದ್ದರು. ಅತ್ತಿಗೆ ಅದನ್ನು ನೋಡಿದಳು. ನೋಡಿಯೂ ಸೀಟಿನ ಕಡೆಗೆ ಬಗ್ಗಿದಳು.

ಸೀಟು ಕೂರಿಸುವುದಕ್ಕೊಂದು ಕ್ರಮವಿದೆ. ವ್ಯಾನಿನ ನೆಲದ ಕುಳಿಗಳಲ್ಲಿ ಅಡ್ಡಕ್ಕೆ ಕಂಬಿಗಳಿವೆ. ಮೊದಲು ಮುಂದಿನ ಎರಡು ಕೊಂಡಿಗಳು ಮುಂದಿನ ಕಂಬಿಗೆ ಸಿಕ್ಕಬೇಕು. ಆಮೇಲೆ ಸೀಟನ್ನು ಹಿಂದಕ್ಕೆ ಇಳಿಸಬೇಕು, ಆಗ ಹಿಂದಿನ ಎರಡು ಚಿಲಕಗಳು ತಾವಾಗಿ ಕಂಬಿಯನ್ನು ಕಚ್ಚುತ್ತವೆ. ಇಳಿಸುವಾಗ ಬೆರಳು ಕೆಳಗಿರಬಾರದು, ಬೆಲ್ಟು ಅಡಿಗೆ ಸಿಕ್ಕಿರಬಾರದು. ಟಕ್ ಎಂದು ಸದ್ದಾಗುತ್ತದೆ, ಹಿಡಿಯ ಪಕ್ಕದ ಕೆಂಪು ಗುರುತು ಒಳಕ್ಕೆ ಹೋಗುತ್ತದೆ. ಅಷ್ಟಕ್ಕೇ ನಂಬಿ ಕೂರಬೇಡಿ, ಬೆನ್ನು ಹಿಡಿದು ಜಗ್ಗಿ, ವ್ಯಾನು ಅಲ್ಲಾಡಬೇಕೇ ಹೊರತು ಸೀಟು ಅಲ್ಲಾಡಬಾರದು ಎಂದು ಗ್ಯಾರೇಜಿನ ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟಿದ್ದ.

ಟಕ್ ಎಂದಿತು. ಕೆಂಪು ಅರ್ಧ ಉಳಿಯಿತು. ಜಗ್ಗಿದಾಗ ಎಡಗಡೆಯ ಹಿಂಗಾಲು ಒಂದು ಬೆರಳಿನಷ್ಟು ಮೇಲೆದ್ದು ಮತ್ತೆ ಕೂತಿತು.

"ಸದ್ದು ಬಂತಲ್ಲ," ಅಂದ ಗಂಡ. ಅವನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮೆಟ್ಟಿಲ ಮೇಲೆ ನಿಂತು ಮೇಲ್ವಿಚಾರಣೆ ನಡೆಸುತ್ತಿದ್ದ.

ಅತ್ತಿಗೆ ಮತ್ತೆ ವ್ಯಾನಿನೊಳಗೆ ಬಗ್ಗಿದಳು. ಹಿಡಿ ಎಳೆದು, ಸೀಟನ್ನು ಮುಂದಕ್ಕೆ ಮಗುಚಿ, ಎತ್ತಿ ಕೆಳಗಿಳಿಸಿದಳು. ಕುಳಿಯೊಳಗೆ ಏನಾದರೂ ಬಿದ್ದಿರಬಹುದು. ಮಂಡಿಯೂರಿ ಬೆರಳು ಹಾಕಿ ಕೆದಕಿದರೆ ಬಿಸ್ಕತ್ತಿನ ಪುಡಿ, ಕೂದಲಿನ ಕ್ಲಿಪ್ಪು, ಮೈದುನನ ಯಾವುದೋ ಯಂತ್ರದ ಬೋಲ್ಟು ಬಂದವು. ಒರೆಸಿದಳು. ಎರಡನೇ ಸಲ ಎತ್ತಿ ಕೂರಿಸಿದಳು. ಟಕ್. ಕೆಂಪು ಅರ್ಧಕ್ಕೇ ನಿಂತಿತ್ತು.

ಗಂಡ ಕೈಗಡಿಯಾರ ನೋಡಿಕೊಂಡು, ನಿಧಾನವಾಗಿ ಓಡಿಸಿದರೆ ಏನೂ ಆಗುವುದಿಲ್ಲ, ಆ ಹಿಂಗಾಲಿಗೆ ಒಂದು ಹಗ್ಗ ಬಿಗಿಯೋಣ, ಹಗ್ಗ ತರಲೇ ಎಂದ. ಮೈದುನನಿಗೆ ಫೋನು ಮಾಡಿದರೆ ಅವನದು ಇನ್ನೊಂದು ಉಪಾಯ: ಅತ್ತಿಗೆ, ಮೇಲೆ ಕೂತು ಎರಡು ಸಲ ಎಗರಿಬಿಡಿ, ನಿಮ್ಮ ಭಾರಕ್ಕೆ ಅದರಪ್ಪನೂ ಕೂತ್ಕೋತಾನೆ. ಅವಳು ಎಗರಿಯೂ ನೋಡಿದಳು. ನಲವತ್ತೆಂಟರ ಹೆಂಗಸು ಹಾಡಹಗಲೇ ವ್ಯಾನಿನೊಳಗೆ ಕುಪ್ಪಳಿಸುವುದನ್ನು ಎದುರುಮನೆಯಾಕೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡಿದಳು.

ಹಗ್ಗಕ್ಕೆ ಅತ್ತಿಗೆ ಒಪ್ಪಲಿಲ್ಲ. ಹೋದ ವರ್ಷ ಒಂದು ಸಂಜೆ, ಇದೇ ಸೀಟನ್ನು ಅವಸರದಲ್ಲಿ ಹಾಕಿ, ಜಗ್ಗಿ ನೋಡದೆ ಹೊರಟಿದ್ದಳು. ನಾಲ್ಕು ರಸ್ತೆ ಕೂಡುವಲ್ಲಿ ಬ್ರೇಕು ಒತ್ತಿದ್ದೇ ತಡ, ಹಿಂದಿನಿಂದ ಸೀಟು ಮುಗ್ಗರಿಸಿ ಬಂದು ಅವಳ ಬೆನ್ನಿನ ಹಿಂದೆ ದಢಾರನೆ ಅಪ್ಪಳಿಸಿತ್ತು. ಅವತ್ತು ಅದರ ಮೇಲಿದ್ದುದು ಇಸ್ತ್ರಿಗೆ ಕೊಡುವ ಬಟ್ಟೆಯ ಗಂಟು. ಇವತ್ತು ಕೂರುವವಳು ಅಕ್ಕ.

ಎರಡನೇ ಸಲ ಸೀಟನ್ನು ಇಳಿಸಿದಾಗ ಮಣಿಕಟ್ಟು ಉರಿಯುತ್ತಿತ್ತು. ಅವಳು ವ್ಯಾನಿನ ಹೊಸ್ತಿಲ ಮೇಲೆ ಕುಸಿದಳು. ಹತ್ತೂವರೆ ಆಗಿತ್ತು. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಹಾಗೆ ಕೂತಾಗ, ಕರೆಯದೆ ಬಂದ ಒಂದು ಯೋಚನೆ ಅವಳೊಳಗೆ ಸುಳಿಯಿತು: ಸೀಟು ಕೂರದೇ ಹೋದರೆ ಅದು ನನ್ನ ತಪ್ಪಲ್ಲ. ಅಕ್ಕ ಆರೈಕೆ ಕೇಂದ್ರಕ್ಕೆ ಹೋಗುತ್ತಾಳೆ. ಆರು ವಾರ ಬೆಳಗಾಗೆದ್ದು ಸ್ನಾನ ಮಾಡಿಸುವುದು, ಸಂಜೆ ಓಡಿಬಂದು ನಡೆಸುವುದು, ಅತ್ತೆಯ ಮುಖ ನೋಡುವುದು ಯಾವುದೂ ಇಲ್ಲ. ಯಾರೂ ಬೆರಳು ತೋರಿಸುವಂತಿಲ್ಲ. ಆ ಯೋಚನೆಯಿಂದ ಭುಜಗಳು ಸಡಿಲಾದವು. ಇಷ್ಟು ಹಗುರ ಅವಳಿಗೆ ಎಷ್ಟೋ ತಿಂಗಳಿಂದ ಅನ್ನಿಸಿರಲಿಲ್ಲ. ಒಂದೆರಡು ನಿಮಿಷ ಅವಳು ಅದರಲ್ಲೇ ಕೂತಿದ್ದಳು. ತನ್ನನ್ನು ತಾನು ಬೈದುಕೊಳ್ಳುವಷ್ಟು ಕಸುವೂ ಉಳಿದಿರಲಿಲ್ಲ.

ಆಮೇಲೆ ಎದ್ದಳು. ಯಾಕೆ ಎದ್ದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಚೌಕಟ್ಟಿಗೆ ಸರಿಯಾಗಿ ಕೂರದಿದ್ದರೆ ಅವಳು ಗಾಜನ್ನು ಒತ್ತುವುದಿಲ್ಲ, ಚೌಕಟ್ಟಿನ ಸೀಳಿನಲ್ಲಿ ಏನು ಸಿಕ್ಕಿಕೊಂಡಿದೆ ಎಂದು ನೋಡುತ್ತಾಳೆ. ಇಪ್ಪತ್ತು ವರ್ಷದ ರೂಢಿ. ಸೀಟನ್ನು ಸಿಮೆಂಟು ನೆಲದ ಮೇಲೆ ಬೆನ್ನಡಿಯಾಗಿ ಮಲಗಿಸಿ, ಫೋನಿನ ಬೆಳಕು ಬಿಟ್ಟು ಎಡಗಡೆಯ ಚಿಲಕದ ಬಾಯೊಳಗೆ ಇಣುಕಿದಳು. ಕುಳಿಯನ್ನು ಕೆದಕಿದ್ದಳೇ ಹೊರತು ಚಿಲಕದ ಬಾಯಿಯನ್ನು ನೋಡಿರಲಿಲ್ಲ. ಗ್ರೀಸಿನ ಕಪ್ಪಿನ ಹಿಂದೆ, ಆಳದಲ್ಲಿ, ಒಂದು ನೀಲಿ ಹೂವು ಕಂಡಿತು.

ಬಟ್ಟೆ. ಹಳೆಯ ದಿಂಬಿನ ಚೀಲದ್ದು.

ಕೈಚೀಲದಿಂದ ಅಂಗಡಿಯ ಸಣ್ಣ ಚಿಮುಟ ತಂದಳು. ತುದಿ ಹಿಡಿದು ಎಳೆದರೆ ದಾರವಷ್ಟೇ ಕಿತ್ತು ಬಂತು. ಯಾರೋ ಕಡ್ಡಿಯಿಂದ ಒತ್ತಿ ಒತ್ತಿ ತುರುಕಿದ ಹಾಗಿತ್ತು. ನಾಲ್ಕನೇ ದಾರ ಬರುವ ಹೊತ್ತಿಗೆ ತಲೆಯ ಮೇಲೆ ನೆರಳು ಬಿತ್ತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು, ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಗಂಡ ಹಗ್ಗ ಹುಡುಕಲು ಹಿತ್ತಲಿಗೆ ಹೋಗಿದ್ದ.

"ಅದು ನಾನು ತುರುಕಿದ್ದು," ಅಂದರು.

ಅತ್ತಿಗೆ ತಲೆಯೆತ್ತಿದಳು.

ಅತ್ತೆ ಹೇಳಿದ್ದಿಷ್ಟು. ಕಬ್ಬಿಣದ ಕೊಂಡಿ ನೆಲ ಗೀಚುತ್ತದೆ, ಸೀಟು ಜಾರುತ್ತದೆ ಎಂದು ನಾಲ್ಕು ಮೂಲೆಗೂ ಬಟ್ಟೆ ಕಟ್ಟಿಕೊಂಡಿದ್ದರು. ನಿನ್ನೆ ಸಂಜೆ ಯಾರೂ ಇಲ್ಲದಾಗ ಕೂತಲ್ಲಿಂದಲೇ ಕೈ ಹಾಕಿ ಎಲ್ಲವನ್ನೂ ಬಿಚ್ಚಿದ್ದರು. ಈ ಮೂಲೆಯದಕ್ಕೆ ಮಾತ್ರ ಒಳಗೂ ಒಂದಿಷ್ಟು ತುರುಕಿದ್ದು ಮರೆತೇ ಹೋಗಿತ್ತು.

"ಈ ಮೂಲೆಗೇ ಯಾಕೆ ಅತ್ತೆ?"

"ಏಳುವಾಗ ಭಾರ ಎಲ್ಲ ಆ ಕಡೆ ಬೀಳತ್ತಲ್ಲ. ಜಾರೋದು."

"ಏಳುವಾಗ ಅಂದ್ರೆ?"

ಅತ್ತೆ ಎದುರುಮನೆಯ ಬಟ್ಟೆಯ ಸಾಲನ್ನು ನೋಡುತ್ತ ನಿಂತರು. ಆ ಮನೆಯಾಕೆ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಇದೊಂದರ ಮೇಲೆ ಕೂತ್ರೆ ಮಾತ್ರ ಎದ್ದೇಳಕ್ಕಾಗೋದು. ಎತ್ತರ ಇದೆ, ಕೈಗೆ ಆಧಾರ ಇದೆ. ಸೋಫಾ ಮೇಲೆ ಕೂತ್ರೆ ಕೂತ ಹಾಗೇ. ಚಳಿ ಶುರುವಾದಾಗಿನಿಂದ ಹಿಂಗೇ."

ಅತ್ತಿಗೆ ಲೆಕ್ಕ ಹಾಕಿದಳು. ಐದು ತಿಂಗಳು. ಐದು ತಿಂಗಳಿಂದ ಏಳಬೇಕಾದಾಗಲೆಲ್ಲ ಅತ್ತೆ ನೀರು ಕೇಳುತ್ತಿದ್ದರು, ಕನ್ನಡಕ ಹುಡುಕಿಸುತ್ತಿದ್ದರು, ಹೋಗಿ ಬಾಗಿಲು ನೋಡು ಎನ್ನುತ್ತಿದ್ದರು. ಮನೆಯವರೆಲ್ಲ ಅದನ್ನು ಜಂಬವೆಂದೇ ತಿಳಿದಿದ್ದರು. ಮಗ ಅದರ ಮೇಲೊಂದು ನಗೆಮಾತನ್ನೂ ಕಟ್ಟಿದ್ದ.

"ಹೇಳಬಾರದಾಗಿತ್ತಾ?"

"ಏನಂತ ಹೇಳಲಿ? ಅವನಿಗೊಂದು ಸೊಂಟ, ನಿಮ್ಮಕ್ಕನಿಗೊಂದು ಸೊಂಟ. ನಂದೂ ಒಂದು ಅಂದ್ರೆ ನೀನು ಬಿದ್ದೇ ಹೋಗ್ತೀಯ." ಆಮೇಲೆ ಸೇರಿಸಿದರು, "ನಿಮ್ಮಕ್ಕ ಬರೋದು ನಂಗಿಷ್ಟ ಇಲ್ಲ. ಅದು ಬೇರೆ ಮಾತು. ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡ. ಯಾರಿಗೂ ಹೇಳಲೂ ಬೇಡ."

ಅವರ ಈ ನೇರ ಮಾತಿನಿಂದ ಅತ್ತಿಗೆಗೆ ನೋವಾಗಲಿಲ್ಲ. ಇಷ್ಟು ದಿನ ಗೋಡೆಯ ಆಚೆ ಕೇಳಿಸುತ್ತಿದ್ದ ಸದ್ದು ಎದುರಿಗೆ ಬಂದು ನಿಂತ ಹಾಗಾಯಿತು, ಅಷ್ಟೆ. ಅವಳು ಮತ್ತೆ ಬಗ್ಗಿದಳು. ಚಿಮುಟದಿಂದ ಆಗದು ಎಂದು ಗೊತ್ತಾದಾಗ ಅತ್ತೆ, ನನ್ನ ಹೆಣಿಗೆಯ ಬುಟ್ಟಿಯಲ್ಲಿ ಕೊಕ್ಕೆ ಸೂಜಿ ಇದೆ, ತಗೊಂಡು ಬಾ ಎಂದರು. ಕೊಕ್ಕೆಯನ್ನು ಬಟ್ಟೆಯ ಹಿಂದಕ್ಕೆ ಇಳಿಸಿ ತಿರುಗಿಸಿ ಎಳೆದಾಗ ಮುಷ್ಟಿಯಷ್ಟು ಉದ್ದದ ಪಟ್ಟಿ ಗ್ರೀಸು ಬಳಿದುಕೊಂಡು ಹೊರಬಂತು. ಚಿಲಕದ ನಾಲಿಗೆ ಒಳಗೆ ತಾನಾಗಿ ಚಟಕ್ಕೆಂದು ಹೊರಳಿತು.

ಮೂರನೇ ಸಲ ಎತ್ತುವಾಗ ತೋಳುಗಳು ತನ್ನವಲ್ಲ ಅನ್ನಿಸಿತು. ಮುಂದಿನ ಕೊಂಡಿ ಸಿಕ್ಕಿಸಿದಳು, ಬೆಲ್ಟನ್ನು ಪಕ್ಕಕ್ಕೆ ತೆಗೆದು ಹಿಡಿದಳು, ಹಿಂದಕ್ಕೆ ಇಳಿಸಿದಳು. ಈ ಸಲದ ಸದ್ದು ದಪ್ಪಗಿತ್ತು. ಕೆಂಪು ಪೂರ್ತಿ ಒಳಗೆ ಹೋಯಿತು. ಸೀಟಿನ ಬೆನ್ನು ಹಿಡಿದು ಇದ್ದಬಿದ್ದ ಬಲವನ್ನೆಲ್ಲ ಹಾಕಿ ಜಗ್ಗಿದಳು. ಇಡೀ ವ್ಯಾನು ಟೈರುಗಳ ಮೇಲೆ ತೂಗಿತು, ಸೀಟು ಕದಲಲಿಲ್ಲ. ಅಕ್ಕನ ಕಾಲಿಗೆ ಜಾಗವಾಗಲೆಂದು ಕೆಳಗಿನ ಹಿಡಿ ಎತ್ತಿ ಸೀಟನ್ನು ಸರಿಯುವಷ್ಟೂ ಹಿಂದಕ್ಕೆ ಸರಿಸಿ, ಅಲ್ಲೂ ಒಮ್ಮೆ ದೂಡಿ ನೋಡಿದಳು. ಗಂಡ ಹಗ್ಗ ಹಿಡಿದು ಬಂದಾಗ ಅವಳು ಸೋಪಿನಲ್ಲಿ ಕೈ ತೊಳೆಯುತ್ತಿದ್ದಳು. ಬಟ್ಟೆ ಸಿಕ್ಕಿಕೊಂಡಿತ್ತು, ತೆಗೆದೆ ಎಂದಷ್ಟೇ ಹೇಳಿದಳು. ಅತ್ತೆ ಒಳಗೆ ಹೋಗಿದ್ದರು.

ಹನ್ನೊಂದೂ ಐವತ್ತೈದಕ್ಕೆ ಆಸ್ಪತ್ರೆಯ ಗೇಟು ದಾಟಿದಾಗ ಆರೈಕೆ ಕೇಂದ್ರದ ಗಾಡಿ ಬಾಗಿಲಿಗೇ ಬಂದು ನಿಂತಿತ್ತು. ಅಕ್ಕ ಗಾಲಿಕುರ್ಚಿಯಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಎರಡೂ ಗಾಲಿಗಳನ್ನು ಕೈಯಿಂದ ಬಿಗಿಹಿಡಿದಿದ್ದಳು. ಪಕ್ಕದಲ್ಲಿ ನಿಂತಿದ್ದ ನರ್ಸು, ಇವರು ಕಾಲು ಗಂಟೆಯಿಂದ ಕುರ್ಚಿ ತಳ್ಳಲು ಬಿಡುತ್ತಿಲ್ಲ, ಈ ಕೈಯಲ್ಲಿ ಇಷ್ಟು ಬಲ ಇದ್ದವರಿಗೆ ಆರೈಕೆ ಯಾಕೆ ಎಂದು ದೂರಿದಳು.

ಕೂರಿಸುವುದು ಸುಲಭವಾಯಿತು. ಅಕ್ಕ ಸೀಟಿಗೆ ಬೆನ್ನು ಮಾಡಿ ನಿಂತಳು, ಹಿಂದಕ್ಕೆ ಕೈ ಚಾಚಿ ಆನಿಕೆ ಹಿಡಿದಳು, ಮೊದಲು ಕೂತಳು, ಆಮೇಲೆ ಎರಡು ಕಾಲುಗಳನ್ನೂ ಒಟ್ಟಿಗೆ ಒಳಕ್ಕೆ ತಿರುಗಿಸಿದಳು. ಅತ್ತಿಗೆ ಬೆಲ್ಟು ಹಾಕಿ, ಕೊಕ್ಕೆಯನ್ನು ಎರಡು ಸಲ ಎಳೆದು ನೋಡಿದಳು.

"ನಿಮ್ಮತ್ತೆ ಏನಂದ್ರು ಪುಟ್ಟಿ?" ಅಕ್ಕ ಕೇಳಿದಳು. ಅವಳಿಗೆ ಅತ್ತಿಗೆ ಯಾವತ್ತಿಗೂ ಪುಟ್ಟಿಯೇ.

"ನೀನು ಬರೋದು ಇಷ್ಟ ಇಲ್ಲ ಅಂದ್ರು."

ಅಕ್ಕ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಸದ್ಯ, ಬಾಯಿಬಿಟ್ಟು ಹೇಳಿದ್ರಲ್ಲ," ಅಂದಳು. "ಇನ್ನು ನಾನೂ ನಾಟಕ ಆಡೋ ಹಾಗಿಲ್ಲ."

ಅತ್ತಿಗೆ ಮುಂದೆ ಬಂದು ಕೂತು ಕೀಲಿ ತಿರುಗಿಸಲು ಹೋದವಳು ಕೈ ತಡೆದಳು. ಮನೆಯಲ್ಲಿ ಈಗ ಅತ್ತೆ ಎಲ್ಲಿ ಕೂತಿದ್ದಾರೆ? ಈ ಪ್ರಶ್ನೆ ದಾರಿಯುದ್ದಕ್ಕೂ ಬಂದಿರಲಿಲ್ಲ, ಇಷ್ಟು ತಡವಾಗಿ ಬಂತು. ಗಂಡನಿಗೆ ಫೋನು ಮಾಡಿದಳು. ಅಮ್ಮ ನಿಂತೇ ಇದ್ದಾಳೆ, ನೀನು ಹೋದಾಗಿನಿಂದ ಕಿಟಕಿ ಹಿಡಿದುಕೊಂಡು ನಿಂತಿದ್ದಾಳೆ, ಕೂತ್ಕೋ ಅಂದರೆ ಕೇಳುವುದಿಲ್ಲ, ಹಟ ಎಂದು ಅವನು ಹೇಳಿದ.

ಯಾರಿಗೂ ಹೇಳಬೇಡ ಎಂದಿದ್ದರು ಅತ್ತೆ. ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಈ ಮನೆಯ ಎಷ್ಟು ಗುಟ್ಟುಗಳನ್ನು ಅವಳೊಬ್ಬಳೇ ಹೊತ್ತು ತಿರುಗಿದ್ದಳು. ಇನ್ನೊಂದನ್ನು ಎತ್ತಲು ತೋಳಿನಲ್ಲಿ ಶಕ್ತಿಯಿರಲಿಲ್ಲ.

"ಹಟ ಅಲ್ಲರೀ. ಕೂತ್ರೆ ಏಳಕ್ಕಾಗಲ್ಲ ಅವರಿಗೆ. ಐದು ತಿಂಗಳಾಯ್ತಂತೆ."

ಆ ಕಡೆ ಅವನು ಟೀವಿ ಆರಿಸಿದ್ದು ಕೇಳಿಸಿತು.

"ನಿಮ್ಮ ಬೆನ್ನಿಗೆ ಅಂತ ತಂದಿದ್ದು, ಕೋಣೆಯಲ್ಲಿದೆಯಲ್ಲ, ಕೈ ಇರೋ ಕುರ್ಚಿ," ಅಂದಳು. "ಅದನ್ನ ನಡುಮನೆಗೆ ತನ್ನಿ. ಎತ್ತಬೇಡಿ, ಎಳೀರಿ. ಗೋಡೆಗೆ ಆನಿಸಿಡಿ, ಜಾರಬಾರದು. ಮೇಲೆ ದಪ್ಪ ದಿಂಬು ಹಾಕಿ. ನೀವು ಪಕ್ಕದಲ್ಲೇ ನಿಂತು, ಕೂತು ಒಂದ್ಸಲ ಎದ್ದು ತೋರಿಸು ಅನ್ನಿ. ಏಳಕ್ಕಾಗದಿದ್ರೆ ಇನ್ನೊಂದು ದಿಂಬು."

"ನನ್ನ ಕುರ್ಚಿನಾ?"

"ಹೂಂ."

ನೆಲದ ಮೇಲೆ ಕುರ್ಚಿಯ ಕಾಲು ಎಳೆಯುವ ಸದ್ದು ಕೇಳಿಸಿತು. ಮಧ್ಯೆ ಅವನು ನಿಂತು ಉಸಿರು ಬಿಟ್ಟ. ಆಮೇಲೆ ಫೋನಿನಿಂದ ದೂರವಾಗಿ ಅಮ್ಮ, ಇಲ್ಲಿ ಕೂತ್ಕೋ ಅಂದ. ಅತ್ತೆ ಏನೋ ಅಂದರು, ಕೇಳಿಸಲಿಲ್ಲ. ಕೈ ಹಿಡ್ಕೊ, ನನ್ನ ಕೈ ಹಿಡ್ಕೊ ಎಂದು ಅವನು ಹೇಳುತ್ತಿದ್ದುದು ಕೇಳಿಸಿತು. ಅವನು ನಗುತ್ತಿರಲಿಲ್ಲ.

ಮತ್ತೆ ಫೋನಿಗೆ ಬಂದಾಗ ಅವನ ದನಿ ಸಣ್ಣಗಾಗಿತ್ತು. ಎರಡು ದಿಂಬು ಬೇಕಾಯಿತು ಎಂದ. ಆಮೇಲೆ ಕೇಳಿದ, "ಹಾಗಾದ್ರೆ ನಾನೆಲ್ಲಿ ಕೂತ್ಕೊಳ್ಳಲಿ?"

ಅವನು ತಮಾಷೆಗೆ ಕೇಳಿರಲಿಲ್ಲ. ನಿಜವಾಗಿಯೂ ಅವಳು ಹೇಳುತ್ತಾಳೆ ಎಂದು ಕಾಯುತ್ತಿದ್ದ. ಬೇರೆ ದಿನವಾಗಿದ್ದರೆ ಅವಳ ತಲೆ ಆಗಲೇ ಮನೆಯ ಕೋಣೆ ಕೋಣೆಯನ್ನೂ ಸುತ್ತಿ, ಯಾವುದನ್ನು ಎಲ್ಲಿಗೆ ಸರಿಸಿದರೆ ಅವನಿಗೆ ಜಾಗವಾದೀತು ಎಂದು ನೋಡಿರುತ್ತಿತ್ತು. ಈಗ ಅದು ಸುತ್ತಲಿಲ್ಲ.

"ಗೊತ್ತಿಲ್ಲರೀ," ಅಂದಳು. "ನೀವೇ ನೋಡ್ಕೊಳ್ಳಿ." ಫೋನನ್ನು ಪಕ್ಕದ ಸೀಟಿನ ಮೇಲಿಟ್ಟು, ಹಿಂದಕ್ಕೆ ತಿರುಗಿ ಅಕ್ಕನ ಕಾಲು ನೇರವಾಗಿದೆಯೇ ಎಂದು ನೋಡಿ, ವ್ಯಾನನ್ನು ನಿಧಾನವಾಗಿ ಹೊರಡಿಸಿದಳು.